ಮಾಮಿಯ ಮೊಸರಿನ ಕುಲ

ಅಂಗಡಿಯಲ್ಲಿ ಮೊಸರಿನ ಡಬ್ಬಿ ಕೈಗೆತ್ತಿಕೊಂಡರೆ ಎಲ್ಲರೂ ಮೊದಲು ತಾರೀಕು ನೋಡುತ್ತಾರೆ. ನಾನು ಹೆಸರು ನೋಡುತ್ತೇನೆ. ಕಂಪನಿಯ ಹೆಸರಲ್ಲ, ಡಬ್ಬಿಯ ಬೆನ್ನ ಮೇಲೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಳಗಿರುವ ಬ್ಯಾಕ್ಟೀರಿಯಾದ ಹೆಸರು ಹಾಕಿರುತ್ತಾರಲ್ಲ, ಅದು. ಮೊನ್ನೆ ಊಟಿಯ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ಹುಳಿ ಹಾಲಿನ ಪುಟ್ಟ ಬಾಟಲಿಯೊಂದನ್ನು ಹಿಡಿದು, ಕನ್ನಡಕ ಮೇಲೆತ್ತಿ ಓದುತ್ತ ನಿಂತುಬಿಟ್ಟಿದ್ದೆ. ಹಿಂದಿದ್ದ ಹೆಂಗಸು ತಮಿಳಿನಲ್ಲಿ, ಏನಕ್ಕಾ, ಕೆಟ್ಟುಹೋಗಿದೆಯಾ ಎಂದು ಕೇಳಿದರು. ಕೆಟ್ಟಿಲ್ಲ, ಹೆಸರು ಮಾತ್ರ ಹಳೆಯದು ಎಂದೆ. ಅವರು ತಮ್ಮ ಬುಟ್ಟಿಯಲ್ಲಿದ್ದ ಅಂಥದೇ ಬಾಟಲಿಯನ್ನು ಮೆಲ್ಲಗೆ ತೆಗೆದು ವಾಪಸಿಟ್ಟು ಹೊರಟುಹೋದರು. ಅಂಗಡಿಯವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಹೆಸರು ಹಳೆಯದಾಗಿರುವ ವಿಷಯ ನಿಮಗೂ ಹೇಳಿಬಿಡುತ್ತೇನೆ, ಉದ್ದವೇನಿಲ್ಲ. ಹಾಲನ್ನು, ಹಿಟ್ಟನ್ನು, ಉಪ್ಪಿನಲ್ಲಿಟ್ಟ ತರಕಾರಿಯನ್ನು ಹುಳಿ ಮಾಡುವ ಕಡ್ಡಿಯಾಕಾರದ ಸೂಕ್ಷ್ಮಜೀವಿಗಳು ನೂರಾರು ಬಗೆ ಇವೆ. ಆಕಾರ ಒಂದೇ, ಹುಳಿ ಮಾಡುವ ಕಸುಬೂ ಒಂದೇ ಎಂದು ಅವುಗಳನ್ನೆಲ್ಲ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. ಲಾಕ್‌ಡೌನ್ ಆದ ವರ್ಷ ವಿಜ್ಞಾನಿಗಳು ಅವುಗಳ ಇಡೀ ಡಿಎನ್‌ಎಯನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಫಲವನ್ನು ಪ್ರಕಟಿಸಿದರು. ಒಳಗಿನಿಂದ ನೋಡಿದರೆ ಎಷ್ಟೋ ಪ್ರಭೇದಗಳಿಗೆ ಒಂದಕ್ಕೊಂದು ಹತ್ತಿರದ ಸಂಬಂಧವೇ ಇರಲಿಲ್ಲ. ಒಂದು ಕುಲ ಇಪ್ಪತ್ತಕ್ಕೂ ಹೆಚ್ಚು ಕುಲಗಳಾಗಿ ಒಡೆಯಿತು. ಹಳೆಯ ಹೆಸರು ಕೆಲವಕ್ಕೆ ಉಳಿಯಿತು. ಉಳಿದವಕ್ಕೆಲ್ಲ ನಾಲಿಗೆ ಹೊರಳದ ಹೊಸ ಹೆಸರುಗಳು ಬಂದವು.

ನಾನು ಊಟಿಯ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಮೇಡಂ. ವರ್ಷಗಟ್ಟಲೆ ಮಕ್ಕಳಿಂದ ಆ ಹಳೆಯ ಹೆಸರುಗಳನ್ನು ಬಾಯಿಪಾಠ ಮಾಡಿಸಿದವಳು. ತಪ್ಪಿದವರನ್ನು ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ. ಆ ಸುದ್ದಿ ಓದಿದಾಗ, ನಾನು ಕಣ್ಣು ಮುಚ್ಚಿ ನಡೆಯಬಲ್ಲ ಬೀದಿಯ ಮನೆ ನಂಬರುಗಳನ್ನೆಲ್ಲ ಬದಲಿಸಿಬಿಟ್ಟಂತೆ ಆಯಿತು. ಆದರೆ ಆ ಒಡಕು ನಮ್ಮ ಮನೆಯ ಒಂದು ಹಳೆಯ ಜಗಳಕ್ಕೂ ಬಂದು ತಾಗೀತೆಂದು ಆಗ ಗೊತ್ತಿರಲಿಲ್ಲ.

ನಾನು ಹುಟ್ಟಿದ್ದು ಗೂಡಲೂರಿನ ಆಚೆಯ ದೇವಾಲದಲ್ಲಿ. ಅಪ್ಪ ಅಲ್ಲಿನ ಟೀ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ನಮ್ಮದು ಬೆಟ್ಟದಲ್ಲಿ ಹಿಂದಿನಿಂದಲೂ ನೆಲೆಸಿದ ವೀರಶೈವ ಮನೆ. ಬಾಗಿಲೊಳಗೆ ಮನೆಯ ಕನ್ನಡ, ಕೂಲಿಯವರ ಲೈನ್ ಮನೆಗಳ ಕಡೆ ಹೋದರೆ ತಮಿಳು, ಅಂಗಡಿಗೆ ಹೋದರೆ ಮಲಯಾಳ. ಎಂ.ಎಸ್ಸಿ. ಓದಲು ಮೈಸೂರಿಗೆ ಹೋದ ಮೇಲೆ ನಾಲ್ಕನೆಯದಾಗಿ ಪುಸ್ತಕದ ಕನ್ನಡ ಬಂತು. ಅದೇ ತರಗತಿಯಲ್ಲಿ ಭೋಜನ್ ಇದ್ದ. ಎಮರಾಲ್ಡ್ ಹತ್ತಿರದ ಹಟ್ಟಿಯವನು. ಹಟ್ಟಿಯೆಂದರೆ ನೀಲಗಿರಿಯ ಬಡಗ ಜನರ ಊರು. ಅವರ ಮನೆಯಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೆಳೆಯುತ್ತಿದ್ದರು, ಎಮ್ಮೆಗಳಿದ್ದವು. ಮೈಸೂರಿನವರಿಗೆ ನಾವಿಬ್ಬರೂ ‘ಊಟಿಯವರು’. ದೇವಾಲಕ್ಕೂ ಎಮರಾಲ್ಡಿಗೂ ನಡುವೆ ಅರ್ಧ ದಿನದ ಬಸ್ಸಿದೆ ಎಂದರೂ ಕೇಳದೆ ಗೈಡ್ ಮೇಷ್ಟ್ರು ನಮ್ಮಿಬ್ಬರನ್ನೂ ಪ್ರಾಜೆಕ್ಟಿಗೆ ಒಂದೇ ಮೇಜಿಗೆ ಹಾಕಿದರು. ಮನೆಯಿಂದ ಮೊಸರು ತನ್ನಿ, ಅದರಲ್ಲಿರುವ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಅದು ಯಾರೆಂದು ಹೇಳಿ ಎಂದರು.

ನನ್ನ ಮೊಸರು ಗೂಡಲೂರು ದಾಟುವಷ್ಟರಲ್ಲಿ ಚೆಲ್ಲಿ, ಉಳಿದದ್ದಕ್ಕೆ ಬೂಷ್ಟು ಬಂದಿತ್ತು. ಭೋಜನ್ ತಂದದ್ದು ಅವನ ಅವ್ವೆ ಹೆಪ್ಪಿಟ್ಟ ಎಮ್ಮೆ ಮೊಸರು. ಅದಕ್ಕೊಂದು ವಿಶೇಷವಿತ್ತು: ಸೌಟು ಎತ್ತಿದರೆ ಎಳೆ ಎಳೆಯಾಗಿ ಹಿಂದೆಯೇ ಬರುತ್ತಿತ್ತು. ಆ ಮೊಸರನ್ನು ಬಡಿಸಲು ಸೌಟು ಸಾಲದು, ಕುಡುಗೋಲು ಬೇಕು ಎಂದು ಹಟ್ಟಿಯಲ್ಲಿ ತಮಾಷೆ ಮಾಡುತ್ತಿದ್ದರಂತೆ. ರುಚಿ ಮಾತ್ರ ಒಮ್ಮೆ ತಿಂದರೆ ಮರೆಯುವಂಥದಲ್ಲ. ಲ್ಯಾಬಿಗೆಂದು ತಂದದ್ದರಲ್ಲಿ ಅರ್ಧವನ್ನು ನಾವು ಹಾಸ್ಟೆಲಿನ ಅನ್ನಕ್ಕೆ ಕಲಸಿಕೊಂಡಿದ್ದೆವು.

ಆ ಕಾಲದಲ್ಲಿ ನಮ್ಮಂಥವರಿಗೆ ಬ್ಯಾಕ್ಟೀರಿಯಾದ ಡಿಎನ್‌ಎ ಓದುವ ಅನುಕೂಲ ಎಲ್ಲಿತ್ತು? ಹೆಣ್ಣು ನೋಡಲು ಬಂದವರು ವಿಚಾರಿಸುವಂತೆ ನಡತೆ ವಿಚಾರಿಸುತ್ತಿದ್ದೆವು. ಯಾವ ಸಕ್ಕರೆ ಕೊಟ್ಟರೆ ತಿನ್ನುತ್ತದೆ, ಎಷ್ಟು ಬಿಸಿ ತಡೆಯುತ್ತದೆ, ತಿಂದ ಮೇಲೆ ಗ್ಯಾಸ್ ಬಿಡುತ್ತದೋ ಇಲ್ಲವೋ. ಗ್ಯಾಸಿನ ಪರೀಕ್ಷೆ ನನ್ನ ಪಾಲಿಗೆ ಬಂತು, ಬಿಸಿಯ ಪರೀಕ್ಷೆ ಅವನ ಪಾಲಿಗೆ. ಗ್ಯಾಸ್ ನೋಡಲು ದೊಡ್ಡ ಟ್ಯೂಬಿನ ದ್ರವದೊಳಗೆ ಒಂದು ಪುಟ್ಟ ಟ್ಯೂಬನ್ನು ಬೋರಲು ಮುಳುಗಿಸಿಡುತ್ತಾರೆ; ಗ್ಯಾಸ್ ಹುಟ್ಟಿದರೆ ಅದರ ನೆತ್ತಿಯಲ್ಲಿ ಗುಳ್ಳೆ ನಿಲ್ಲುತ್ತದೆ. ನನ್ನ ಟ್ಯೂಬಿನಲ್ಲಿ ಗುಳ್ಳೆ ನಿಂತಿತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ನಾನು ಅದನ್ನು ನೋಡಿ, ಇದು ಬ್ರೆವಿಸ್ ಎಂಬ ಪ್ರಭೇದ ಎಂದು ಸಾರಿದೆ. ಬ್ರೆವಿಸ್ ಗ್ಯಾಸ್ ಬಿಡುವ ಜಾತಿಯದು.

ಭೋಜನ್ ಒಪ್ಪಲಿಲ್ಲ. ಅವನ ಟ್ಯೂಬು ನಲವತ್ತೈದು ಡಿಗ್ರಿ ಬಿಸಿಯಲ್ಲೂ ಚೆನ್ನಾಗಿ ಬೆಳೆದು ಕದಡಿತ್ತು. ಬ್ರೆವಿಸ್ ಅಷ್ಟು ಬಿಸಿಯಲ್ಲಿ ಬೆಳೆಯುವುದಿಲ್ಲ. ಆದ್ದರಿಂದ ಇದು ಪ್ಲಾಂಟಾರಮ್, ಅದರಲ್ಲಿ ಕೆಲವು ಬಿಸಿ ತಡೆಯುತ್ತವೆ ಎಂದು ಅವನ ವಾದ. ಪ್ಲಾಂಟಾರಮ್ ಹೀಗೆ ಗ್ಯಾಸ್ ಬಿಡುವುದಿಲ್ಲವಲ್ಲ, ನನ್ನ ಗುಳ್ಳೆಗೇನು ಹೇಳುತ್ತೀ ಎಂದೆ.

“ಅದು ಗ್ಯಾಸ್ ಅಲ್ಲ. ನೀನು ಟ್ಯೂಬು ಹಿಡಿದು ಮೆಟ್ಟಿಲು ಹತ್ತಿದ್ದಕ್ಕೆ ಸೇರಿದ ಗಾಳಿ” ಎಂದ.

ನಾನು, ಅವನ ಇನ್‌ಕ್ಯುಬೇಟರಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಳಗೆ ನಲವತ್ತೈದು ಇದ್ದದ್ದಕ್ಕೆ ಸಾಕ್ಷಿ ಏನು ಎಂದೆ. ಆಮೇಲೆ ನಡೆದದ್ದನ್ನು ಚರ್ಚೆ ಎನ್ನಲಾಗದು. ಕ್ಯಾಂಟೀನಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ರಜೆಗೆ ಒಟ್ಟಿಗೆ ಗೂಡಲೂರಿನ ತನಕ ಬರುವ ಬಸ್ಸಿನಲ್ಲಿ, ಬಂಡೀಪುರದ ಕಾಡಿನ ನಡುವೆಯೂ ನಾವು ಗುಳ್ಳೆಯ ಬಗ್ಗೆ ಜಗಳವಾಡಿದೆವು. ಒಮ್ಮೆ ರಸ್ತೆ ಬದಿಗೆ ಆನೆ ಬಂದು ನಿಂತು ಬಸ್ಸಿನವರೆಲ್ಲ ಕಿಟಕಿಗೆ ಮುಗಿಬಿದ್ದರೂ ನಾವಿಬ್ಬರು ಆನೆ ನೋಡಲಿಲ್ಲ. ಕೊನೆಗೆ ಗೈಡ್ ಮೇಷ್ಟ್ರು ಬೇಸತ್ತು, ಪ್ರಾಜೆಕ್ಟಿನಲ್ಲಿ ‘ಲ್ಯಾಕ್ಟೋಬ್ಯಾಸಿಲಸ್ ಎಸ್‌ಪಿ.’ ಎಂದು ಬರೆಸಿದರು. ಕುಲ ಗೊತ್ತು, ಪ್ರಭೇದ ಗೊತ್ತಿಲ್ಲ ಎಂದು ಅದರ ಅರ್ಥ. ಆ ತೀರ್ಪು ಇಬ್ಬರಿಗೂ ಹಿಡಿಸಲಿಲ್ಲ. ಮೇಷ್ಟ್ರ ಮೇಲಿನ ಸಿಟ್ಟಿನಲ್ಲಿ ನಾವು ಮೊದಲ ಸಲ ಒಂದಾದೆವು. ಮುಂದಿನದನ್ನು ನೀವು ಊಹಿಸಿಕೊಳ್ಳಬಹುದು.

ಊಹಿಸುವುದು ಸುಲಭ, ಮನೆಯಲ್ಲಿ ಹೇಳುವುದು ಕಷ್ಟ. ನಮ್ಮದು ಮಾಂಸ ಮುಟ್ಟದ, ಲಿಂಗಪೂಜೆಯ ಮನೆ. ಅವರದು ಬೇರೆ. ಬೆಟ್ಟದ ಮೇಲೆ ಎಷ್ಟೋ ತಲೆಮಾರಿನಿಂದ ಅಕ್ಕಪಕ್ಕ ಇದ್ದರೂ ಹೆಣ್ಣು ಕೊಡುವ ಮಾತು ಬಂದರೆ ಅದು ಬೇರೆಯೇ. ಅಪ್ಪ ಬೈಯಲಿಲ್ಲ, ಊಟದ ಹೊತ್ತಿಗೆ ಮಾತಾಡುವುದನ್ನು ನಿಲ್ಲಿಸಿದರು. ಅದು ಬೈಗುಳಕ್ಕಿಂತ ಭಾರವಾಗಿತ್ತು. ಅವ್ವ ನಡುವೆ ನಿಂತು ಇಬ್ಬರಿಗೂ ಬಡಿಸುತ್ತಿದ್ದಳು. ಹೀಗೇ ತಿಂಗಳುಗಳು ಹೋದವು. ಈ ಮದುವೆ ಆಗುವುದಿಲ್ಲ ಎಂದು ನಾನು ಮನಸ್ಸನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ, ಯಾರಿಗೂ ಹೇಳದೆ ಭೋಜನನ ಅವ್ವೆ ದೇವಾಲಕ್ಕೆ ಬಂದಿಳಿದರು.

ಬಡಗ ಹೆಂಗಸರಂತೆ ಬಿಳಿ ಮುಂಡು ಸುತ್ತಿದ, ಎತ್ತರದ ಹೆಂಗಸು. ಜೊತೆಗೆ ಯಾರೂ ಇಲ್ಲ. ಕೈಯಲ್ಲಿ ಹಿಡಿಕೆಯ ಸ್ಟೀಲ್ ತೂಕುಪಾತ್ರೆ. ದೇವಾಲದ ಮಳೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳಲಾರೆ. ಅವರು ಬಾಗಿಲಿಗೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದರು, ಪಾತ್ರೆಯ ಮುಚ್ಚಳದ ಮೇಲೆ ಮಾತ್ರ ಹೆಗಲ ಬಟ್ಟೆ ಹೊದಿಸಿದ್ದರು. ಅವ್ವ ಒಣಬಟ್ಟೆ ಕೊಟ್ಟು ಕೂರಿಸಿದಳು. ಅಪ್ಪ ಪೇಪರ್ ಮಡಚಿಟ್ಟು ಎದುರು ಕೂತರು. ಭೋಜನನ ಅವ್ವೆ ಕುಲದ ವಿಷಯ ಎತ್ತಲೇ ಇಲ್ಲ. ಪಾತ್ರೆಯನ್ನು ಅಪ್ಪನ ಮುಂದೆ ಸರಿಸಿದರು.

“ನಿಂಗ ಮಗಳಿಗೂ ಎನ್ನ ಮಗನಿಗೂ ಜಗಳಕ್ಕೆ ಎನ್ನ ಮೊಸರೇ ಸಿಕ್ಕಿತು. ಆ ಜಗಳ ತೀರಿಸಲು ಎನಗೆ ಗೊತ್ತಿಲ್ಲೆ. ಒಂದೇ ಮನೆಯಲಿ ಇಟ್ಟುಬಿಟ್ಟರೆ ಊರಿಗಾದರೂ ನೆಮ್ಮದಿ” ಎಂದರು. ಸ್ವಲ್ಪ ತಡೆದು, “ಅವಳ ಅಡುಗೆಗೆ ಬೇರೆ ಒಲೆ, ಬೇರೆ ಪಾತ್ರೆ. ಅದಕ ಕೈ ಹಾಕುವವರು ಎನ್ನ ಮನೆಯಲಿ ಇಲ್ಲೆ” ಎಂದರು.

ಅಪ್ಪ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ ಅನ್ನ ಇದೆಯಾ ಎಂದು ಕೇಳಿದರು. ಆ ಮೊಸರನ್ನು ಅನ್ನಕ್ಕೆ ಹಾಕಿಕೊಂಡು, ಎಳೆ ಹಿಡಿದ ಮೊಸರನ್ನು ಬೆರಳಿನಿಂದ ಕಡಿದು ಕಡಿದು ಕಲಸುತ್ತ, ತಿಂಗಳುಗಳ ಮೇಲೆ ಮೊದಲ ಸಲ ಊಟದ ಮಧ್ಯೆ ನನ್ನ ಜೊತೆ ಮಾತಾಡಿದರು. ಇದು ಯಾವ ಬ್ಯಾಕ್ಟೀರಿಯಾ ಎಂದು ನೀನು ಹೇಳಿದ್ದೆ ಎಂದು ಕೇಳಿದರು. ಬ್ರೆವಿಸ್ ಎಂದೆ. ಅಂದಿನಿಂದ ಅವರು ನನ್ನ ಪಕ್ಷ. ನಾನು ಆ ಹೆಂಗಸನ್ನು ಮಾಮಿ ಎಂದು ಕರೆಯತೊಡಗಿದ್ದೂ ಅಂದಿನಿಂದಲೇ.

ಮದುವೆಯಾಗಿ ನಾನು ಊಟಿಯ ಕಾಲೇಜಿಗೆ ಸೇರಿದೆ. ಭೋಜನ್ ಕೋತಗಿರಿ ರಸ್ತೆಯ ಟೀ ಫ್ಯಾಕ್ಟರಿಯೊಂದರಲ್ಲಿ ಟೀಯ ಗುಣಮಟ್ಟ ನೋಡುವ ಕೆಲಸ ಹಿಡಿದ. ಮೈಸೂರಿನಿಂದ ಬರುವಾಗ ಮೇಷ್ಟ್ರನ್ನು ಕೇಳಿ ಆ ಬ್ಯಾಕ್ಟೀರಿಯಾದ ಟ್ಯೂಬೊಂದನ್ನು ತಂದು ಕಾಲೇಜಿನ ಫ್ರೀಜರಿನಲ್ಲಿ ಇಟ್ಟಿದ್ದೆ. ಜಗಳವೂ ಜೊತೆಗೇ ಬಂತು. ಮೊಸರು ಬಡಿಸುವಾಗ ಅವನು, ಸ್ವಲ್ಪ ಪ್ಲಾಂಟಾರಮ್ ಹಾಕು ಎನ್ನುವನು. ನಾನು, ಬ್ರೆವಿಸ್ ಇದೆ, ಬೇಕಾದರೆ ಹಾಕಿಕೋ ಎನ್ನುವೆ. ನೆಂಟರು ಮೊದಲು ಗಾಬರಿಯಾಗಿ ಆಮೇಲೆ ರೂಢಿ ಮಾಡಿಕೊಂಡರು.

ಎಮರಾಲ್ಡಿನಲ್ಲಿ ಕಾಲ ಬದಲಾಯಿತು. ಮೇವಿನ ಜಾಗವೆಲ್ಲ ತರಕಾರಿಗೆ ಹೋಗಿ, ಎಮ್ಮೆಗಳನ್ನು ಒಂದೊಂದಾಗಿ ಕೊಟ್ಟರು. ಕಿರಿಯ ಮಗನ ಮನೆಯಲ್ಲಿದ್ದ ಮಾಮಿ ಒಂದು ಹಸುವಿನ ಹಾಲಿನಲ್ಲೇ ಹಳೆಯ ಹೆಪ್ಪನ್ನು ಮುಂದುವರಿಸಿದ್ದರು. ಒಂದು ಸಲ ಎಲ್ಲರೂ ಮದುವೆಯೊಂದಕ್ಕೆ ಹೋಗಿ ಉಳಿದುಕೊಂಡಾಗ ಅದೂ ಕೆಟ್ಟುಹೋಯಿತು. ಪಕ್ಕದ ಮನೆಗಳಲ್ಲಿ ಕೇಳಿದರೆ ಅವರೆಲ್ಲ ಆಗಲೇ ಅಂಗಡಿ ಮೊಸರಿಗೆ ತಿರುಗಿದ್ದರು. ಮಾಮಿ ಅಳುವವರಲ್ಲ. ಆದರೆ ಆಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಮೊಸರಿಗೆ ಸೌಟು ಹಾಕಿ ಎತ್ತಿ, ಅದು ನೀರಿನಂತೆ ಕೆಳಗೆ ಬೀಳುವುದನ್ನು ನೋಡಿ, ಬಡಿಸಿಕೊಳ್ಳುವರು. ಅವರ ಮೊಸರಿನ ಪೈಕಿ ಜಗತ್ತಿನಲ್ಲಿ ಉಳಿದದ್ದು ಕಾಲೇಜಿನ ಫ್ರೀಜರಿನ ಟ್ಯೂಬೊಂದೇ.

ಆ ಟ್ಯೂಬಿಗೂ ಕುತ್ತು ಬಂತು. ಕಾಲೇಜಿಗೆ ಹೊಸ ಲ್ಯಾಬ್ ಕಟ್ಟಿದರು. ನಮ್ಮ ವಿಭಾಗದ ಮುಖ್ಯಸ್ಥೆ ನನಗಿಂತ ಚಿಕ್ಕವಳು, ಅಚ್ಚುಕಟ್ಟಿನ ಹೆಂಗಸು. ಗುರುತು ಗೊತ್ತಿಲ್ಲದ ಯಾವ ಟ್ಯೂಬೂ ಹೊಸ ಫ್ರೀಜರಿಗೆ ಬರಕೂಡದು, ಅವೆಲ್ಲ ಕುದಿಸಿ ಚೆಲ್ಲತಕ್ಕವು ಎಂದಳು. ಅವಳು ಹೇಳಿದ್ದು ಸರಿಯೇ. ನಾನು ಅವಳ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ನನ್ನ ಟ್ಯೂಬಿನ ಮೇಲಿದ್ದದ್ದು ‘ಎಸ್‌ಪಿ.’ ಎಂಬ ಮೇಷ್ಟ್ರ ತೀರ್ಪು. ಬ್ರೆವಿಸ್ ಎಂದು ಬರೆದುಕೊಡಲೇ ಎಂದು ಮನೆಯಲ್ಲಿ ಕೇಳಿದೆ. ಭೋಜನ್ ಟೀ ಲೋಟ ಕೆಳಗಿಟ್ಟು, ಸುಳ್ಳು ಬರೆಯುವುದಾದರೆ ಪ್ಲಾಂಟಾರಮ್ ಎಂದೇ ಬರೆ, ಕಡೇಪಕ್ಷ ಅದು ನಿಜ ಎಂದ.

ದಾರಿ ತೋರಿಸಿದ್ದು ನಿಶಾ. ಗೂಡಲೂರಿನ ಹುಡುಗಿ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ, ಈಗ ಕೊಯಮತ್ತೂರಿನ ಲ್ಯಾಬೊಂದರಲ್ಲಿ ಡಿಎನ್‌ಎ ಓದುವ ಕೆಲಸದಲ್ಲಿದ್ದಾಳೆ. ಕಳಿಸಿ ಟೀಚರ್, ನಮ್ಮ ಬೇರೆ ಸ್ಯಾಂಪಲ್‌ಗಳ ಜೊತೆ ಹಾಕುತ್ತೇನೆ ಎಂದಳು. ಟ್ಯೂಬಿನಲ್ಲಿ ಜೀವ ಉಳಿದಿದೆಯೋ ಇಲ್ಲವೋ ಎಂಬ ಭಯದಲ್ಲೇ ಒಂದು ಹನಿ ಎತ್ತಿ ಬೆಳೆಸಿದೆ. ಮೊದಲ ದಿನ ದ್ರವ ತಿಳಿಯಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಮಂಜು ಕವಿದಂತೆ ಕದಡಿತ್ತು. ಮೇಡಂಗೆ ಏನಾಯಿತೆಂದು ಮಕ್ಕಳು ನೋಡುತ್ತಿರುವಂತೆಯೇ ನಾನು ಬಾಗಿಲ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಕೆಲವು ವಾರಗಳ ಮೇಲೆ ಒಂದು ಭಾನುವಾರ ನಿಶಾಳ ಫೋನ್ ಬಂತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಭೋಜನ್ ಎದುರಿಗೆ ಕೂತ. ಬ್ರೆವಿಸಾ, ಪ್ಲಾಂಟಾರಮ್ಮಾ ಎಂದು ಒಟ್ಟಿಗೇ ಕೇಳಿದೆವು.

“ರೆಂಡುಮ್ ಇಲ್ಲೆ ಟೀಚರ್” ಎಂದಳು. ಎರಡೂ ಅಲ್ಲ.

ಅದು ಫರ್ಮೆಂಟಮ್ ಎಂಬ ಮೂರನೆಯ ಪ್ರಭೇದ. ಸಂದೇಹವೇ ಇಲ್ಲ, ಡಿಎನ್‌ಎ ಅಷ್ಟು ಚೆನ್ನಾಗಿ ಹೊಂದುತ್ತದೆ ಎಂದಳು. ಜೊತೆಗೆ, ಕುಲವನ್ನು ಒಡೆದ ಮೇಲೆ ನೀವು ಹೇಳುವ ಬ್ರೆವಿಸ್ ಒಂದು ಹೊಸ ಕುಲಕ್ಕೆ ಹೋಗಿದೆ, ಸಾರ್ ಹೇಳುವ ಪ್ಲಾಂಟಾರಮ್ ಇನ್ನೊಂದಕ್ಕೆ, ಇದು ಮೂರನೆಯದಕ್ಕೆ. ಇದರ ಹೆಸರು ಈಗ ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಫರ್ಮೆಂಟಮ್ ಎಂದಳು. ನಮ್ಮ ಜಗಳದಲ್ಲಿ ಇಬ್ಬರೂ ಒಪ್ಪಿದ್ದದ್ದು ಲ್ಯಾಕ್ಟೋಬ್ಯಾಸಿಲಸ್ ಎಂಬ ಕುಲದ ಹೆಸರೊಂದನ್ನೇ. ಈಗ ಅದೂ ಇಲ್ಲ. ನಮ್ಮನ್ನು ಸಮಾಧಾನ ಮಾಡಲೆಂದೋ ಏನೋ ಅವಳು, ಈ ಫರ್ಮೆಂಟಮ್ ಗ್ಯಾಸೂ ಬಿಡುತ್ತದೆ ಟೀಚರ್, ನಲವತ್ತೈದರ ಬಿಸಿಯಲ್ಲೂ ಬೆಳೆಯುತ್ತದೆ ಎಂದು ಸೇರಿಸಿದಳು.

ಫೋನ್ ಇಟ್ಟ ಮೇಲೆ ಭೋಜನ್ ಕಿಟಕಿಯ ಕಡೆ ನೋಡುತ್ತ ಕೂತಿದ್ದ.

“ಹಾಗಾದರೆ ನಿನ್ನ ಗುಳ್ಳೆ ನಿಜ” ಎಂದ.

“ನಿನ್ನ ಬಿಸಿ ಟ್ಯೂಬೂ” ಎಂದೆ.

ಬ್ರೆವಿಸ್ ಅಲ್ಲ ಎಂದು ಅವನು ಹೇಳಿದ್ದು ಸರಿ. ಪ್ಲಾಂಟಾರಮ್ ಅಲ್ಲ ಎಂದು ನಾನು ಹೇಳಿದ್ದೂ ಸರಿ. ಅಂದು ಆ ಮೇಜಿನ ಹತ್ತಿರ ನನ್ನ ಗುಳ್ಳೆಯನ್ನು ಅವನು, ಅವನ ಕದಡಿದ ಟ್ಯೂಬನ್ನು ನಾನು ಒಂದು ಗಳಿಗೆ ನಂಬಿ, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದರೆ ಪುಸ್ತಕದಲ್ಲೇ ಉತ್ತರವಿತ್ತು. ಹಾಗೆ ಮಾಡಿದ್ದರೆ ಪ್ರಾಜೆಕ್ಟು ಬೇಗ ಮುಗಿಯುತ್ತಿತ್ತು, ಮದುವೆ ಆಗುತ್ತಿತ್ತೋ ಇಲ್ಲವೋ ಎಂದು ಭೋಜನ್ ನಕ್ಕ. ನನಗೂ ನಗು ಬಂತು, ಸ್ವಲ್ಪ ತಡವಾಗಿ.

ಹೊಸ ಹೆಸರನ್ನು ಪುಟ್ಟ ಟ್ಯೂಬಿನ ಚೀಟಿಯ ಮೇಲೆ ಬರೆಯಹೋದರೆ ಅದು ಟ್ಯೂಬನ್ನು ಸುತ್ತಿ ಬಂದು ತನ್ನ ಬಾಲವನ್ನೇ ಮುಟ್ಟಿತು. ಮುಖ್ಯಸ್ಥೆ ಅದನ್ನು ತಿರುಗಿಸಿ ತಿರುಗಿಸಿ ಓದಿ, ತಾನೇ ಹೊಸ ಫ್ರೀಜರಿನಲ್ಲಿ ಇಟ್ಟಳು.

ಲ್ಯಾಬಿನದನ್ನು ಬಾಯಿಗೆ ಹಾಕಬಾರದೆಂದು ಮಕ್ಕಳಿಗೆ ಕಲಿಸುವವಳು ನಾನೇ. ಆದ್ದರಿಂದ ಇದರಲ್ಲಿ ಅಪಾಯದ ಜೀನ್ ಯಾವುದೂ ಇಲ್ಲವೆಂದು ನಿಶಾಳಿಂದ ಖಚಿತ ಮಾಡಿಕೊಂಡು, ಮನೆಯಲ್ಲಿ ಕಾಯಿಸಿದ ಹಾಲಿಗೆ ಮತ್ತೆ ಮತ್ತೆ ಹೆಪ್ಪು ಹಾಕಿ ದಾಟಿಸಿ, ಮೊದಲು ಭೋಜನನಿಗೆ ತಿನ್ನಿಸಿದೆ. ಅವನು ವಾರಗಟ್ಟಲೆ ಬದುಕಿದ್ದನ್ನು ನೋಡಿ ಎಮರಾಲ್ಡಿಗೆ ಹೊರಟೆವು.

ಮಾಮಿ ಒಂದು ಚಮಚ ಬಾಯಿಗಿಟ್ಟು ನೋಡಿದರು. ಅದು ತೆಳ್ಳಗಿತ್ತು, ಒಂದೇ ಬ್ಯಾಕ್ಟೀರಿಯಾದಿಂದ ಒಳ್ಳೆಯ ಮೊಸರಾಗುವುದಿಲ್ಲ ಎಂದು ನನಗೂ ಗೊತ್ತಿತ್ತು. “ಇದು ಎನ್ನ ಮೊಸರಿನ ನೆಂಟ. ಎನ್ನ ಮೊಸರು ಅಲ್ಲ” ಎಂದರು. ನನ್ನ ಮುಖ ಸಣ್ಣಗಾದದ್ದನ್ನು ನೋಡಿ, ನೆಂಟ ಬಂದದ್ದೇನು ಕಡಿಮೆಯಾ ಎನ್ನುತ್ತ ಎದ್ದು, ಮನೆಯ ಹೆಪ್ಪಿಗೆ ಅದನ್ನೂ ಸೇರಿಸಿ, ಉಗುರುಬೆಚ್ಚಗಿನ ಹಾಲಿಗೆ ಹಾಕಿ ಒಲೆಯ ಪಕ್ಕ ಇಟ್ಟರು.

ಹಾಲು ಹೆಪ್ಪುಗಟ್ಟುವಾಗ ಕುಲ ಒಡೆದ ಕತೆ ಹೇಳಿದೆ. ಏಕೆ ಒಡೆದರು, ಆಸ್ತಿ ಜಗಳವಾ ಎಂದು ಕೇಳಿದರು. ಜಗಳವಲ್ಲ ಮಾಮಿ, ನೋಡಲು ಒಂದೇ ಥರ ಇದ್ದವೆಂದು ಸಂಬಂಧವಿಲ್ಲದವರನ್ನೆಲ್ಲ ಒಂದೇ ಮನೆಯಲ್ಲಿ ಇಟ್ಟಿದ್ದರು, ಈಗ ಅವರವರ ಮನೆಗೆ ಕಳಿಸಿದ್ದಾರೆ ಎಂದೆ. ತಲೆಯಾಡಿಸಿದರು. ನಮ್ಮದರ ಹೊಸ ಹೆಸರಿಗೆ ಏನರ್ಥ ಎಂದು ಕೇಳಿದಾಗ ಸಿಕ್ಕಿಬಿದ್ದೆ. ಲಿಮೋಸಿ ಎಂದರೆ ಲೋಳೆ. ಈ ಕುಲದ ಬಹಳಷ್ಟು ಬ್ಯಾಕ್ಟೀರಿಯಾಗಳು ಎಳೆ ಬರುವಂಥ ಲೋಳೆ ಮಾಡುತ್ತವೆ, ಅದಕ್ಕೆ ಆ ಹೆಸರು.

“ಎನ್ನ ಮೊಸರ ಲೋಳೆ ಎಂದವ ದಾರ?” ಎಂದರು. ಯಾರು ಎಂಬುದಕ್ಕೆ ಬಡಗ ಮಾತಿನಲ್ಲಿ ದಾರ. ದೂರದೇಶದ ದೊಡ್ಡ ವಿಜ್ಞಾನಿಗಳು ಎಂದೆ. ಮಾಮಿ ಯೋಚಿಸಿದರು. ಕುಡುಗೋಲು ಬೇಕೆಂದು ನಗುತ್ತಿದ್ದ ಹಟ್ಟಿಯವರೆಲ್ಲ ನೆನಪಾದರೋ ಏನೋ, ಮುಖ ಮೆಲ್ಲಗೆ ಅರಳಿತು. ಅಷ್ಟು ದೊಡ್ಡವರು ಅದಕ್ಕಾಗಿ ಒಂದು ಕುಲವನ್ನೇ ಮಾಡಿದ್ದಾರೆಂದರೆ ಅದು ಸಣ್ಣ ಗುಣವಲ್ಲ ಎಂದು ತೀರ್ಮಾನಿಸಿ, ಹೆಸರನ್ನು ಇನ್ನೊಮ್ಮೆ ಹೇಳಿಸಿದರು. ಲಿಮೋಸಿ ಎಂಬ ಮೊದಲ ತುಂಡು ಮಾತ್ರ ಅವರ ನಾಲಿಗೆಗೆ ಹತ್ತಿತು. ಕೆಲವು ದಿನಗಳಾದ ಮೇಲೆ ಮೈದುನ ಫೋನ್ ಮಾಡಿ, ಸೌಟಿನ ಹಿಂದೆ ಎಳೆ ಬರತೊಡಗಿದೆ, ಅವ್ವೆ ಹಟ್ಟಿಯ ಮನೆಮನೆಗೂ ಹೆಪ್ಪು ಕಳಿಸುತ್ತಿದ್ದಾಳೆ ಎಂದ. ಆಮೇಲೆ ಅದು ಹೆಣ್ಣುಮಕ್ಕಳ ಜೊತೆ ಗಂಡನ ಮನೆಗಳಿಗೆ, ಬೇರೆ ಹಟ್ಟಿಗಳಿಗೆ ಹೋಯಿತಂತೆ. ಎಲ್ಲೆಲ್ಲಿಗೆ ಎಂದು ಮಾಮಿಗೂ ಗೊತ್ತಿಲ್ಲ.

ಈಗ ಪ್ರಾಕ್ಟಿಕಲ್ ತರಗತಿಯಲ್ಲಿ ಮಕ್ಕಳು ತಮ್ಮ ಟ್ಯೂಬನ್ನು ಓದುವ ಮೊದಲು ಪಕ್ಕದವರ ಟ್ಯೂಬನ್ನು ಓದಬೇಕೆಂದು ನಿಯಮ ಮಾಡಿದ್ದೇನೆ. ಅವರಿಗೆ ಇದು ಮೇಡಂ ಅವರ ಹುಚ್ಚು.

ಕಳೆದ ತಿಂಗಳು ಪರೀಕ್ಷೆ ನಡೆಸಲು ಬೆಟ್ಟದ ಕೆಳಗಿನ ಊರಿಂದ ಒಬ್ಬ ಪ್ರೊಫೆಸರ್ ಬಂದಿದ್ದರು. ಫರ್ಮೆಂಟಮ್ಮಿನ ಹೊಸ ಕುಲ ಯಾವುದು ಎಂದು ಪ್ರತಿಯೊಬ್ಬರನ್ನೂ ಕೇಳುತ್ತಿದ್ದರು. ಒಬ್ಬೊಬ್ಬರದೂ ನಾಲಿಗೆ ಮಧ್ಯದಲ್ಲೇ ಮುರಿದು ಬಿತ್ತು. ಕೂಕಲ್ತೊರೈ ಕಡೆಯ ಹಟ್ಟಿಯಿಂದ ಬರುವ ಹುಡುಗಿಯ ಸರದಿ ಬಂದಾಗ ಅವಳು ನೀರು ಕುಡಿದ ಹಾಗೆ ಲಿಮೋಸಿಲ್ಯಾಕ್ಟೋಬ್ಯಾಸಿಲಸ್ ಎಂದಳು. ಪ್ರೊಫೆಸರಿಗೆ ಖುಷಿಯಾಗಿ, ಇಷ್ಟು ಸಲೀಸಾಗಿ ಹೇಗೆ ಬಂತು ಎಂದು ಕೇಳಿದರು.

“ಕಷ್ಟ ಇಲ್ಲೆ ಸಾರ್. ಲಿಮೋಸಿ ಎಂದರೆ ನಂಗ ಮಾತಲಿ ಎಳೆ ಬರುವ ಮೊಸರು. ಎನ್ನ ಹೆತ್ತೆ ಹೇಳುವ ಹಳೇ ಮಾತು. ವಿಜ್ಞಾನಿಗಳು ಅಲ್ಲಿಂದಲೇ ಎತ್ತಿಕೊಂಡಿದ್ದಾರೆ.”

ಹೆತ್ತೆಯೆಂದರೆ ಅಜ್ಜಿ. ಪ್ರೊಫೆಸರ್ ಬೆರಗಾಗಿ, ಹೌದೇ ಮೇಡಂ ಎಂಬಂತೆ ನನ್ನ ಕಡೆ ತಿರುಗಿದರು. ಹುಡುಗಿಯೂ ನನ್ನನ್ನೇ ನೋಡುತ್ತಿದ್ದಳು, ಒಂದಿಷ್ಟೂ ಅನುಮಾನವಿಲ್ಲದೆ. ಹೆಸರಿನ ವಿಷಯದಲ್ಲಿ ನಾನು ಬಿಟ್ಟುಕೊಡುವವಳಲ್ಲ, ನಿಮಗೆ ಗೊತ್ತು. ಆದರೂ ಆ ದಿನ ನಾನು ತಿದ್ದಲಿಲ್ಲ. ಪೂರ್ತಿ ಅಂಕ ಕೊಡಿ ಸಾರ್ ಎಂದೆ.